ಹಿಂಬದಿಯನ್ನು ಮೊದಲು ತೋರಿಸುವ ಅಂಗಡಿ: ಚಿಕ್ಕಮಗಳೂರಿನಲ್ಲಿ ನೇಯ್ದ ಸೇನಾ ಲಾಂಛನಗಳ ಪರೀಕ್ಷೆ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಮೊದಲನೆಯ ಮಹಡಿಯ ಮೇಲೆ, ಹೆಸರಿನ ಫಲಕವಿಲ್ಲದ ಹಳೆಯ ವಸ್ತುಗಳ ಅಂಗಡಿಯೊಂದಿದೆ. ಕಾಫಿ ಎಸ್ಟೇಟುಗಳು ಕೈ ಬದಲಾದಾಗ ಬಂಗಲೆಗಳಿಂದ ಹೊರಬೀಳುವ ಗೋಡೆ ಗಡಿಯಾರ, ಪಿಂಗಾಣಿ, ಬೈನಾಕ್ಯುಲರ್, ಚರ್ಮದ ಪೆಟ್ಟಿಗೆಗಳು ಇಲ್ಲಿಗೆ ಬರುತ್ತವೆ. ನಾಣ್ಯ ಮತ್ತು ಅಂಚೆಚೀಟಿ ಸಂಗ್ರಹಿಸುವವರಿಗೆ ಈ ಜಾಗ ಹಿಂದಿನಿಂದಲೂ ಪರಿಚಿತ. ಈ ವಿಮರ್ಶೆ ಆ ಅಂಗಡಿಯ ಒಂದು ವಿಭಾಗಕ್ಕೆ ಮಾತ್ರ ಸಂಬಂಧಿಸಿದ್ದು: ಎರಡನೆಯ ಮಹಾಯುದ್ಧದ ಕಾಲದ ಸಮವಸ್ತ್ರಗಳ ಮೇಲಿದ್ದ ನೇಯ್ದ ಲಾಂಛನಗಳು, ಅದರಲ್ಲೂ ಹಿಟ್ಲರನ ಜರ್ಮನಿಯವು, ಮತ್ತು ಅವು ಅಸಲಿಯೋ ನಕಲಿಯೋ ಎಂಬುದನ್ನು ಪರೀಕ್ಷಿಸಿ ಬರಹದಲ್ಲಿ ಅಭಿಪ್ರಾಯ ಕೊಡುವ ಸೇವೆ. ಹಾಸನದ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುವ ನಾನು, ಸರ್ವಾಧಿಕಾರವು ಬಟ್ಟೆ, ಬಣ್ಣ, ಚಿಹ್ನೆಗಳ ಮೂಲಕ ಸಾಮಾನ್ಯ ಜನರನ್ನು ಹೇಗೆ ಸಾಲಿನಲ್ಲಿ ನಿಲ್ಲಿಸಿತು ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸುವ ಒಂದು ಪ್ರದರ್ಶನಕ್ಕಾಗಿ ಇಂಥ ಕೆಲವು ವಸ್ತುಗಳನ್ನು ಹುಡುಕುತ್ತಿದ್ದುದರಿಂದ ಈ ಅಂಗಡಿಯೊಡನೆ ವ್ಯವಹರಿಸಿದೆ.

ಮೊದಲಿಗೆ ಹೇಳಬೇಕಾದದ್ದು ಅಂಗಡಿಯ ನಡವಳಿಕೆ. ನಾಜಿ ಚಿಹ್ನೆಯುಳ್ಳ ಯಾವ ವಸ್ತುವನ್ನೂ ಇಲ್ಲಿ ಗಾಜಿನ ಕಪಾಟಿನಲ್ಲಿ ಅಲಂಕಾರವಾಗಿ ಇಟ್ಟಿಲ್ಲ. ಅವೆಲ್ಲ ಒಳಕೋಣೆಯ ಮರದ ಡ್ರಾಯರಿನಲ್ಲಿವೆ, ಕೇಳಿದವರಿಗೆ ಮಾತ್ರ ತೆಗೆದು ತೋರಿಸುತ್ತಾರೆ, ಏತಕ್ಕಾಗಿ ಬೇಕೆಂದು ಮೊದಲು ವಿಚಾರಿಸುತ್ತಾರೆ. ಜರ್ಮನಿಯ ದಂಡಸಂಹಿತೆಯ 86ಎ ಕಲಮು ಇಂಥ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಿ, ಶಿಕ್ಷಣ, ಸಂಶೋಧನೆ, ಕಲೆಯಂಥ ಉದ್ದೇಶಗಳಿಗೆ ಮಾತ್ರ ವಿನಾಯಿತಿ ನೀಡುತ್ತದೆ. ಆ ಕಾನೂನು ಚಿಕ್ಕಮಗಳೂರಿಗೆ ಅನ್ವಯಿಸುವುದಿಲ್ಲ. ಆದರೂ ಅದರ ಹಿಂದಿನ ವಿವೇಕವನ್ನು ಈ ಅಂಗಡಿಯವರು ತಾವಾಗಿಯೇ ಪಾಲಿಸುತ್ತಿರುವುದು ನನಗೆ ಬಹಳ ಮುಖ್ಯವೆನಿಸಿತು. ಅರವತ್ತು ಲಕ್ಷ ಯಹೂದಿಗಳನ್ನು ಕೊಂದ ಆಡಳಿತದ ಗುರುತನ್ನು ಟೀ ಶರ್ಟಿನ ಮೇಲಿನ ಚಿತ್ರದಂತೆ ಮಾರುವವರಿಂದ ನಾನು ಅಸಲಿಯನ್ನೂ ಕೊಳ್ಳಲಾರೆ.

ಇನ್ನು ವಸ್ತುಗಳ ವಿಚಾರ. ಜರ್ಮನ್ ಸೈನ್ಯದ ಸಮವಸ್ತ್ರದ ಬಲ ಎದೆಯ ಮೇಲೆ, ಉಗುರಲ್ಲಿ ಸ್ವಸ್ತಿಕ ಹಿಡಿದ ಹದ್ದಿನ ಲಾಂಛನ ಬಂದದ್ದು 1934ರಲ್ಲಿ. ಕೆಲವು ಲಾಂಛನಗಳನ್ನು ಕೈ ಕಸೂತಿಯಿಂದ ಮಾಡುತ್ತಿದ್ದರು, ಕೆಲವನ್ನು ಯಂತ್ರದ ಕಸೂತಿಯಿಂದ. ಲಕ್ಷಗಟ್ಟಲೆ ಸೈನಿಕರಿಗೆ ಬೇಕಾದ ಅಗ್ಗದ, ತೆಳುವಾದ, ಚಪ್ಪಟೆಯಾದ ಲಾಂಛನಗಳನ್ನು ಮಾತ್ರ, ಚಿತ್ರವನ್ನು ನೇಯ್ಗೆಯಲ್ಲೇ ಮೂಡಿಸುವ ಜಕಾರ್ಡ್ ಮಗ್ಗದಲ್ಲಿ ರಿಬ್ಬನ್ನಿನಂತೆ ಉದ್ದಕ್ಕೆ ನೇಯ್ದು, ಆಮೇಲೆ ಒಂದೊಂದಾಗಿ ಕತ್ತರಿಸುತ್ತಿದ್ದರು. ಈ ಕೆಲಸಕ್ಕೆ ಹೆಸರಾದದ್ದು ಜರ್ಮನಿಯ ವುಪ್ಪರ್ಟಾಲ್ ನಗರ. ಅದರ ಭಾಗವಾದ ಬಾರ್ಮೆನ್ ರಿಬ್ಬನ್, ಲೇಸುಗಳ ನೇಯ್ಗೆಗೆ ಅದಕ್ಕೂ ಬಹಳ ಮೊದಲೇ ಪ್ರಸಿದ್ಧವಾಗಿದ್ದ ಊರು. 1943ರ ಮೇ ಕೊನೆಯಲ್ಲಿ ಬ್ರಿಟಿಷ್ ವಿಮಾನಗಳ ಬಾಂಬ್ ದಾಳಿಗೆ ಸಿಕ್ಕಿ ನೆಲಸಮವಾದ ಊರೂ ಹೌದು. ಅಲ್ಲಿನ ಬೆವೊ ಎಂಬ ಕಾರ್ಖಾನೆಯ ಹೆಸರೇ ಇಂದು ಸಂಗ್ರಾಹಕರ ನಡುವೆ ಈ ಬಗೆಯ ನೇಯ್ಗೆಗೆಲ್ಲ ಸಾಮಾನ್ಯ ಹೆಸರಾಗಿಬಿಟ್ಟಿದೆ. ಬೇರೆ ಕಾರ್ಖಾನೆಗಳಲ್ಲಿ ನೇಯ್ದದ್ದನ್ನೂ ಬೆವೊ ಎಂದೇ ಕರೆಯುತ್ತಾರೆ.

ಈ ಅಂಗಡಿಯ ಮಾಲೀಕರು ಡ್ರಾಯರಿನಿಂದ ಲಾಂಛನವನ್ನು ತೆಗೆದು ಮೇಜಿನ ಮೇಲೆ ಇಡುವಾಗ ಯಾವಾಗಲೂ ಮುಖ ಕೆಳಗೆ ಮಾಡಿಯೇ ಇಡುತ್ತಾರೆ. "ಹಿಂದೆ ನೋಡದೆ ಬೆಲೆ ಕೇಳಬೇಡಿ ಮೇಷ್ಟ್ರೇ" ಎಂದು ಅವರು ನನಗೆ ಹೇಳಿದ್ದು ವ್ಯಾಪಾರದ ಮಾತಾಗಿರಲಿಲ್ಲ. ಜರತಾರಿ ಸೀರೆಯ ಅಂಚನ್ನು ಮಗುಚಿ ಎಳೆಗಳು ಹೇಗೆ ಓಡಿವೆ ಎಂದು ನೋಡುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮುಂಭಾಗವನ್ನು ಅನುಕರಿಸುವುದು ಸುಲಭ, ಹಿಂಭಾಗವನ್ನು ಅನುಕರಿಸಬೇಕಾದರೆ ಅದೇ ಬಗೆಯ ಮಗ್ಗ ಬೇಕು, ಅದೇ ಬಗೆಯ ನೂಲು ಬೇಕು, ಅಂದಿನಂತೆ ನೇಯುವ ತಾಳ್ಮೆಯೂ ಬೇಕು. ಉದ್ದಕ್ಕೆ ಬಿಗಿದ ಹಾಸಿನ ನಡುವೆ ಅಡ್ಡಡ್ಡ ಓಡುವ ಹೊಕ್ಕಿನ ನೂಲು ಮುಂದೆ ಕಾಣಿಸಿಕೊಳ್ಳದ ಕಡೆಯಲ್ಲೆಲ್ಲ ಹಿಂದೆ ತೇಲಿಕೊಂಡು ಹೋಗುತ್ತದೆ. ಹಾಗಾಗಿ ಅಸಲಿ ಲಾಂಛನದ ಬೆನ್ನಿನಲ್ಲಿ ಹದ್ದಿನ ಆಕಾರ ಮಸುಕಾಗಿ, ತಿರುವುಮುರುವಾಗಿ ಕಾಣುತ್ತದೆ. ಅಡ್ಡ ಎಳೆಗಳು ಬಿಗಿಯಾಗಿ, ಒತ್ತಾಗಿ, ಒಂದರ ಪಕ್ಕ ಒಂದು ಕೂತಿರುತ್ತವೆ. ಅಗ್ಗದ ನಕಲಿಗಳಲ್ಲಿ ಈ ಎಳೆಗಳು ಸಡಿಲವಾಗಿ ಜೋಲುತ್ತವೆ, ಅಥವಾ ಹಿಂದೆ ಅಂಟಿನ ಪದರವೊಂದು ಎಲ್ಲವನ್ನೂ ಮುಚ್ಚಿರುತ್ತದೆ. ಅಂಟಿನ ಪದರ ಕಂಡರೆ ಮುಂದೆ ಪರೀಕ್ಷಿಸುವ ಅಗತ್ಯವೇ ಇರುವುದಿಲ್ಲ ಎಂಬುದು ಮಾಲೀಕರ ಅಭಿಪ್ರಾಯ. ನಾನು ಅಷ್ಟು ದೂರ ಹೋಗಲಾರೆ. ಯಾರೋ ಒಬ್ಬ ಹಳೆಯ ಸಂಗ್ರಾಹಕ ಅಸಲಿಯನ್ನೇ ರಟ್ಟಿಗೆ ಅಂಟಿಸಿ ಆಮೇಲೆ ಕಿತ್ತಿರಬಹುದು. ಆದರೆ ಹೀಗೆ ಅಂಟಿಸಿ ಕಿತ್ತ ಬಟ್ಟೆಯ ಮೇಲೆ ಅಂಟು ತೇಪೆ ತೇಪೆಯಾಗಿ ಉಳಿಯುತ್ತದೆ, ಕಾರ್ಖಾನೆಯಲ್ಲಿ ಹಾಕಿದ ಅಂಟು ಮೂಲೆಯಿಂದ ಮೂಲೆಗೆ ಒಂದೇ ಸಮನಾಗಿ ಹರಡಿರುತ್ತದೆ. ಈ ವ್ಯತ್ಯಾಸವನ್ನು ಭೂತಗನ್ನಡಿಯಡಿ ಯಾರು ಬೇಕಾದರೂ ಕಾಣಬಹುದು.

ನೂಲಿನ ಪರೀಕ್ಷೆಯಲ್ಲಿ ಅಂಗಡಿಯವರಿಗೆ ಗಟ್ಟಿಯಾದ ತಿಳಿವಳಿಕೆಯಿದೆ. ಯುದ್ಧಕಾಲದ ನೇಯ್ದ ಲಾಂಛನಗಳಲ್ಲಿ ಸಾಮಾನ್ಯವಾಗಿ ಇರುವುದು ಹತ್ತಿ ಮತ್ತು ಮರದ ತಿರುಳಿನಿಂದ ತಯಾರಿಸುವ ನೂಲಾದ ರೇಯಾನ್. ಪಾಲಿಯೆಸ್ಟರ್ ನೂಲನ್ನು ಬ್ರಿಟನ್ನಿನಲ್ಲಿ ಕಂಡುಹಿಡಿದದ್ದು 1941ರಲ್ಲಿ. ಅದು ಬಟ್ಟೆಯಾಗಿ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಆದ್ದರಿಂದ ಲಾಂಛನದ ಮೂಲ ನೇಯ್ಗೆಯಲ್ಲಿ ಪಾಲಿಯೆಸ್ಟರ್ ಎಳೆಯೊಂದು ಸಿಕ್ಕರೆ ಅದು 1945ಕ್ಕಿಂತ ಮೊದಲಿನದಾಗಿರಲು ಸಾಧ್ಯವೇ ಇಲ್ಲ. ಹೊಲಿಗೆಯ ದಾರ ಪಾಲಿಯೆಸ್ಟರ್ ಆಗಿದ್ದರೆ ಮಾತು ಬೇರೆ, ಯಾಕೆಂದರೆ ಅಸಲಿ ಲಾಂಛನವನ್ನು ಆಮೇಲೆ ಯಾರಾದರೂ ಹಳೆಯ ಕೋಟಿಗೆ ಹೊಲಿದಿರಬಹುದು. ಈ ಎರಡನ್ನೂ ಬೇರ್ಪಡಿಸಿ ನೋಡುವುದನ್ನು ನಾನು ಬೇರೆ ಊರುಗಳ ದೊಡ್ಡ ಅಂಗಡಿಗಳಲ್ಲೂ ಕಂಡಿಲ್ಲ. ಎಳೆಯೊಂದನ್ನು ಸುಟ್ಟು ನೋಡುವ ಹಳೆಯ ವಿಧಾನದಲ್ಲಿ ಹತ್ತಿ ಮತ್ತು ರೇಯಾನ್ ಕಾಗದದಂತೆ ಉರಿದು ಮೃದುವಾದ ಬೂದಿಯಾಗುತ್ತವೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯವರು ಇದನ್ನು ಸ್ವತಃ ಮಾಡುವುದಿಲ್ಲ, ಮಾಡಿಕೊಡಿ ಎಂದರೂ ಒಪ್ಪುವುದಿಲ್ಲ. ಅದರ ಬದಲು ಮೊಬೈಲಿಗೆ ಜೋಡಿಸುವ ಸಣ್ಣ ಸೂಕ್ಷ್ಮದರ್ಶಕದಡಿ ಎಳೆಯನ್ನು ತೋರಿಸುತ್ತಾರೆ: ಹತ್ತಿ ತಿರುಚಿದ ಪಟ್ಟಿಯಂತೆ ಕಾಣುತ್ತದೆ, ರೇಯಾನ್ ಮೇಲೆ ಉದ್ದುದ್ದ ಗೆರೆಗಳಿರುತ್ತವೆ, ಪಾಲಿಯೆಸ್ಟರ್ ಒಂದೇ ಸಮನಾಗಿ ನುಣುಪಾಗಿರುತ್ತದೆ. ವಸ್ತುವಿಗೆ ಕಿಂಚಿತ್ತೂ ಹಾನಿಯಾಗದ ಈ ದಾರಿಯನ್ನೇ ಹಿಡಿದಿರುವುದು ಸರಿಯಾದ ನಿರ್ಧಾರ.

ಅಂಚಿನ ವಿಷಯ ಇನ್ನೂ ಸೊಗಸಾದದ್ದು. ಲಾಳಿ ಓಡುವ ಕಿರಿದಾದ ಮಗ್ಗದಲ್ಲಿ ಹೊಕ್ಕಿನ ನೂಲು ಒಂದು ತುದಿಗೆ ಹೋಗಿ, ಹಾಸಿನ ಕೊನೆಯ ಎಳೆಯನ್ನು ಬಳಸಿ, ಮತ್ತೆ ಹಿಂದಿರುಗುತ್ತದೆ. ಹಾಗಾಗಿ ಪಟ್ಟಿಯ ಎರಡು ಬದಿಗಳಲ್ಲೂ ತಾನಾಗಿಯೇ ನೇಯ್ದ ಅಂಚು ಇರುತ್ತದೆ. ಇಂದಿನ ಕಂಪ್ಯೂಟರ್ ನಿಯಂತ್ರಿತ ಜಕಾರ್ಡ್ ಮಗ್ಗಗಳಲ್ಲಿ ಅಂಗಿಗಳ ಲೇಬಲ್ಲುಗಳನ್ನು ಅಗಲವಾದ ಪಾಲಿಯೆಸ್ಟರ್ ಬಟ್ಟೆಯಾಗಿ ನೇಯ್ದು, ಬಿಸಿ ತಂತಿ ಅಥವಾ ಬಿಸಿ ಅಲಗಿನಿಂದ ಸೀಳುತ್ತಾರೆ. ಲಾಂಛನದ ನಕಲಿಗಳಲ್ಲಿ ಬಹಳಷ್ಟು ಹೀಗೆಯೇ ತಯಾರಾಗುತ್ತವೆ. ಬಿಸಿಯಲ್ಲಿ ಕರಗಿ ಗಟ್ಟಿಯಾದ ಆ ಅಂಚನ್ನು ಬೆರಳ ತುದಿಯಿಂದ ಸವರಿದರೆ ಚೂಪಾಗಿ ತಾಗುತ್ತದೆ. ನಿಮ್ಮ ಅಂಗಿಯ ಕೊರಳಪಟ್ಟಿಯ ಲೇಬಲ್ಲಿನ ಅಂಚನ್ನು ಮುಟ್ಟಿನೋಡಿದರೂ ಇದೇ ಅನುಭವ ಸಿಗಬಹುದು. ಅಧಿಕಾರಿಗಳ ಲಾಂಛನಗಳಲ್ಲಿ ಬಳಸುತ್ತಿದ್ದ ಚಪ್ಪಟೆ ಅಲ್ಯೂಮಿನಿಯಂ ತಂತಿಯೂ ಇಂಥದೇ ಸಾಕ್ಷಿ: ಅಸಲಿ ತಂತಿ ಕಾಲಕ್ರಮದಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ, ಪ್ಲಾಸ್ಟಿಕ್ ಪದರದೊಳಗೆ ಲೋಹದ ಹೊಳಪು ಸೇರಿಸಿದ ಯುದ್ಧಾನಂತರದ ಜರಿ ವರ್ಷಗಳಾದರೂ ಹೊಳೆಯುತ್ತಲೇ ಇರುತ್ತದೆ.

ನೇರಳಾತೀತ ದೀಪದ ಪರೀಕ್ಷೆಯಲ್ಲಿ ಮಾತ್ರ ಅಂಗಡಿಯವರಿಗಿರುವ ಭರವಸೆ ಅಳತೆ ಮೀರಿದ್ದು ಎಂದು ನನಗೆ ತೋರಿತು. ಕತ್ತಲಲ್ಲಿ ಆ ದೀಪ ಹಿಡಿದಾಗ ನೂಲು ನೀಲಿಬಿಳಿಯಾಗಿ ಹೊಳೆದರೆ ನಕಲಿ, ಹೊಳೆಯದಿದ್ದರೆ ಅಸಲಿ ಎಂಬ ಸೂತ್ರವನ್ನು ಗ್ರಾಹಕರಿಗೆ ಹೇಳಿಕೊಡುತ್ತಿದ್ದಾರೆ. ಬಟ್ಟೆಯನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಯುದ್ಧದ ನಂತರ ಎಂಬುದು ನಿಜ. ಆದರೆ ಅವು ಇಂದಿನ ಬಟ್ಟೆ ಸೋಪಿನ ಪುಡಿಯಲ್ಲೂ ಇರುತ್ತವೆ. ಅಸಲಿ ಲಾಂಛನವೊಂದನ್ನು ಯಾವುದೋ ಮನೆಯಲ್ಲಿ ಒಮ್ಮೆ ಸೋಪಿನ ಪುಡಿಯಲ್ಲಿ ತೊಳೆದಿದ್ದರೆ ಅದೂ ಹೊಳೆಯುತ್ತದೆ. ಇನ್ನೊಂದು ಕಡೆ, ಈ ದೀಪದ ವಿಷಯ ನಕಲಿ ತಯಾರಕರಿಗೂ ಗೊತ್ತಿದೆ. ಹೊಳೆಯದ ನೂಲನ್ನೇ ಆರಿಸಿ ನೇಯುವವರಿದ್ದಾರೆ. ದೀಪದ ಫಲಿತಾಂಶ ಅನುಮಾನವನ್ನು ಹೆಚ್ಚಿಸಬಹುದು ಅಥವಾ ತಗ್ಗಿಸಬಹುದು, ಅದೊಂದನ್ನೇ ಹಿಡಿದು ತೀರ್ಪು ಕೊಡಲಾಗದು. ನಾಜಿ ಪಕ್ಷದ ಸಾಮಗ್ರಿಗಳಿಗೆ ಪರವಾನಗಿ ಕೊಡುತ್ತಿದ್ದ ಮ್ಯೂನಿಕ್ಕಿನ ಕಚೇರಿಯ, ಆರ್.ಝೆಡ್.ಎಂ. ಎಂಬ ಅಕ್ಷರಗಳುಳ್ಳ ಕಾಗದದ ಚೀಟಿಗಳಿಗೂ ಇದೇ ಎಚ್ಚರ ಬೇಕು. ಚೀಟಿ ಇದೆ ಎಂದ ಮಾತ್ರಕ್ಕೆ ಲಾಂಛನ ಅಸಲಿಯಾಗುವುದಿಲ್ಲ, ಯಾಕೆಂದರೆ ಬಟ್ಟೆಗಿಂತ ಮೊದಲು ನಕಲಾಗುವುದು ಕಾಗದ.

ಹಳೆಯದಾಗಿ ಕಾಣಿಸುವ ಕುತಂತ್ರಗಳನ್ನು ಗುರುತಿಸುವುದರಲ್ಲಿ ಅಂಗಡಿಯವರ ಕಣ್ಣು ಚುರುಕು. ನಕಲಿಯನ್ನು ಚಹಾದಲ್ಲಿ ಅಥವಾ ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಎರಡೂ ಬದಿ ಒಂದೇ ರೀತಿ ಕಂದಾಗುತ್ತವೆ, ಕಲೆಯ ಅಂಚಿನಲ್ಲಿ ಗಾಢವಾದ ಗೆರೆ ನಿಲ್ಲುತ್ತದೆ. ನಿಜವಾಗಿ ತೊಟ್ಟ ಲಾಂಛನದಲ್ಲಿ ಬಿಸಿಲಿಗೆ ಒಡ್ಡಿಕೊಂಡ ಮುಖ ಮಾಸಿರುತ್ತದೆ, ಬಟ್ಟೆಗೆ ಅಂಟಿಕೊಂಡಿದ್ದ ಬೆನ್ನು ಮೂಲ ಬಣ್ಣವನ್ನು ಉಳಿಸಿಕೊಂಡಿರುತ್ತದೆ, ಸುತ್ತಲೂ ಮಡಚಿದ ಅಂಚಿನಲ್ಲಿ ಹೊಲಿಗೆಯ ತೂತುಗಳು ಸಾಲಾಗಿ ಕಾಣುತ್ತವೆ. ಹಿನ್ನೆಲೆಯ ಬಣ್ಣವೂ ಕಾಲವನ್ನು ಹೇಳುತ್ತದೆ: ಯುದ್ಧಕ್ಕೆ ಮುಂಚಿನ ಪದಾತಿ ಸೈನ್ಯದ ಹದ್ದು ಕಡುಹಸಿರು ಹಿನ್ನೆಲೆಯ ಮೇಲೆ ಬಿಳಿಯಾಗಿತ್ತು, 1940ರಿಂದ ದೂರಕ್ಕೆ ಎದ್ದು ಕಾಣದ ಬೂದು ಬಣ್ಣಗಳು ಬಂದವು, ಆಫ್ರಿಕಾದ ಮರುಭೂಮಿಯಲ್ಲಿ ಹೋರಾಡಿದವರಿಗೆ ಕಂದು ಹಿನ್ನೆಲೆಯದು ಇತ್ತು. ನಾಜಿ ಪಕ್ಷದ ಸ್ವಂತ ಸಶಸ್ತ್ರ ದಳವಾದ ಎಸ್.ಎಸ್. ಪಡೆಯವರು ಹದ್ದನ್ನು ಎದೆಯ ಮೇಲಲ್ಲ, ಎಡ ತೋಳಿನ ಮೇಲೆ ಧರಿಸುತ್ತಿದ್ದರು. ಇಷ್ಟನ್ನು ತಿಳಿದಿದ್ದರೆ ಅರ್ಧದಷ್ಟು ಸುಳ್ಳು ಕಥೆಗಳು ಅಲ್ಲಿಯೇ ಬಿದ್ದುಹೋಗುತ್ತವೆ.

ಈ ಡ್ರಾಯರಿನಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಹದ್ದಲ್ಲ, ಹುಲಿ. 1941ರ ಏಪ್ರಿಲಿನಲ್ಲಿ ಬರ್ಲಿನ್ ತಲುಪಿದ ಸುಭಾಷ್‌ಚಂದ್ರ ಬೋಸರು, ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಬ್ರಿಟಿಷ್ ಇಂಡಿಯನ್ ಆರ್ಮಿಯ ಸೈನಿಕರಿಂದ ಒಂದು ಭಾರತೀಯ ಪಡೆಯನ್ನು ಕಟ್ಟಲು ಮುಂದಾದರು. ಜರ್ಮನ್ ದಾಖಲೆಗಳಲ್ಲಿ ಅದು 950ನೆಯ ಪದಾತಿ ರೆಜಿಮೆಂಟ್. ಅವರ ಜರ್ಮನ್ ಸಮವಸ್ತ್ರದ ತೋಳಿನ ಮೇಲೆ ಗುರಾಣಿಯಾಕಾರದ ಲಾಂಛನವಿತ್ತು: ಕೇಸರಿ, ಬಿಳಿ, ಹಸಿರು ಪಟ್ಟಿಗಳು, ಅವುಗಳ ಮೇಲೆ ಜಿಗಿಯುವ ಹುಲಿ, ಮೇಲ್ಗಡೆ ಜರ್ಮನ್ ಭಾಷೆಯಲ್ಲಿ ಸ್ವತಂತ್ರ ಭಾರತ ಎಂಬ ಬರಹ. ಟಿಪ್ಪುವಿನ ಹುಲಿಯನ್ನು ಶ್ರೀರಂಗಪಟ್ಟಣದ ಸುತ್ತಮುತ್ತ ಕಂಡು ಬೆಳೆದ ನಮ್ಮ ವಿದ್ಯಾರ್ಥಿಗಳಿಗೆ ಆ ಹುಲಿಯನ್ನು ಪರಿಚಯಿಸಬೇಕಾಗಿಲ್ಲ. ಅದೇ ಹುಲಿ ಹಿಟ್ಲರನ ಸೈನ್ಯದ ಕೋಟಿನ ಮೇಲೆ ಕೂತಿದ್ದನ್ನು ನೋಡಿದಾಗ ಅವರು ಕೇಳುವ ಪ್ರಶ್ನೆಗಳು ಮಾತ್ರ ಸುಲಭದವಲ್ಲ. 1943ರ ಫೆಬ್ರವರಿಯಲ್ಲಿ ಬೋಸರು ಜಲಾಂತರ್ಗಾಮಿಯಲ್ಲಿ ಪೂರ್ವಕ್ಕೆ ಹೊರಟುಹೋದರು; ಉಳಿದ ಸೈನಿಕರು ನೆದರ್ಲೆಂಡ್ಸ್, ಅನಂತರ ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಗೆ ಕಾವಲಿಗೆ ಹೋದರು; 1944ರ ಆಗಸ್ಟಿನಲ್ಲಿ ಆ ಪಡೆಯನ್ನು ಎಸ್.ಎಸ್.ನ ಯುದ್ಧ ವಿಭಾಗವಾದ ವಾಫೆನ್ ಎಸ್.ಎಸ್. ಅಧೀನಕ್ಕೆ ಸೇರಿಸಲಾಯಿತು. ದೇಶದ ಸ್ವಾತಂತ್ರ್ಯಕ್ಕೆಂದು ಹೊರಟವರು ಬೇರೆ ಜನಾಂಗಗಳ ಸಂಹಾರಕ್ಕೆ ನಿಂತ ಆಡಳಿತದ ಸಮವಸ್ತ್ರದಲ್ಲಿ ನಿಲ್ಲಬೇಕಾದ ಈ ಚರಿತ್ರೆಯನ್ನು ತರಗತಿಯಲ್ಲಿ ಪ್ರಾಮಾಣಿಕವಾಗಿ ಹೇಳಲು ಆ ಚಿಕ್ಕ ಬಟ್ಟೆಯ ತುಂಡಿಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ.

ಭಾರತದಲ್ಲಿ ಈ ಗುರಾಣಿಗೆ ಬೇಡಿಕೆ ಇರುವುದರಿಂದ ನಕಲಿಗಳೂ ಹೇರಳ. ಅಂಗಡಿಯಲ್ಲಿ ಅಂಥ ಗುರಾಣಿಗಳು ಎರಡಿದ್ದವು. ಒಂದರ ಮೇಲೆ ನಕಲಿ ಎಂದೇ ಬರೆದು 400 ರೂಪಾಯಿ ಬೆಲೆ ಹಾಕಿದ್ದರು. ಇನ್ನೊಂದಕ್ಕೆ 28,000 ರೂಪಾಯಿ, ಜೊತೆಗೆ ಎಸ್ಟೇಟ್ ಬಂಗಲೆಯೊಂದರ ಪೆಟ್ಟಿಗೆಯಲ್ಲಿ ಸಿಕ್ಕಿತೆಂಬ ಕಥೆಯ ಚೀಟಿ. ಎರಡನ್ನೂ ಮಗುಚಿ ಅಕ್ಕಪಕ್ಕ ಇಟ್ಟು ನೋಡಿದಾಗ ದುಬಾರಿಯದರ ಒಂದು ಬದಿಯ ಅಂಚು ಕರಗಿ ಗಟ್ಟಿಯಾಗಿದ್ದುದು ಬೆರಳಿಗೇ ತಿಳಿಯಿತು. ನಾನು ತೋರಿಸಿದಾಗ ಮಾಲೀಕರು ವಾದಿಸಲಿಲ್ಲ. ಸೂಕ್ಷ್ಮದರ್ಶಕದಡಿ ತಾವೇ ಮತ್ತೆ ಪರೀಕ್ಷಿಸಿ, ಕಥೆಯ ಚೀಟಿಯನ್ನು ತೆಗೆದು, ಬೆಲೆಯನ್ನು ಹೊಡೆದು, ಅದನ್ನು ನಕಲಿಗಳ ಕಟ್ಟಿಗೆ ಸೇರಿಸಿದರು. ಇದನ್ನು ಮೆಚ್ಚುತ್ತಲೇ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು: ಪೆಟ್ಟಿಗೆ ಯಾವ ಬಂಗಲೆಯಲ್ಲಿ ಸಿಕ್ಕಿತು ಎಂಬುದು ಬಟ್ಟೆ ಯಾವಾಗ ನೇಯಲ್ಪಟ್ಟಿತು ಎಂಬುದಕ್ಕೆ ಸಾಕ್ಷಿಯಲ್ಲ. ಮಲೆನಾಡಿನ ಬಂಗಲೆಗಳಿಗೆ ಯುದ್ಧದಿಂದ ಮರಳಿದ ಪ್ಲಾಂಟರುಗಳು ಸ್ಮರಣಿಕೆ ತಂದಿರಬಹುದು, ಅವರ ಮೊಮ್ಮಕ್ಕಳು ಲಂಡನ್ನಿನ ಸಂತೆಯಲ್ಲಿ ಕೊಂಡು ತಂದಿರಲೂಬಹುದು. ಕಥೆಯ ಚೀಟಿಗಳನ್ನು ಈ ಅಂಗಡಿ ಸಂಪೂರ್ಣವಾಗಿ ನಿಲ್ಲಿಸಬೇಕು. ಬರೆಯಲೇಬೇಕಾದರೆ ಯಾರು ಹೇಳಿದರು, ಯಾವ ಕಾಗದಪತ್ರ ಜೊತೆಗಿದೆ ಎಂಬುದನ್ನಷ್ಟೇ ಬರೆಯಲಿ.

ಪರೀಕ್ಷಾ ಸೇವೆಗೆ ಒಂದು ವಸ್ತುವಿಗೆ 500 ರೂಪಾಯಿ ಪಡೆಯುತ್ತಾರೆ. ಬೇರೆಡೆ ಕೊಂಡದ್ದನ್ನೂ ಪರೀಕ್ಷಿಸಿ ಕೊಡುತ್ತಾರೆ. ಕೊಡುವ ಪತ್ರದಲ್ಲಿ ಮುಂಭಾಗ, ಹಿಂಭಾಗ, ಅಂಚು ಮತ್ತು ಎಳೆಯ ದೊಡ್ಡದಾಗಿ ತೆಗೆದ ಫೋಟೋಗಳಿರುತ್ತವೆ, ಪ್ರತಿಯೊಂದರ ಕೆಳಗೆ ಏನು ಕಂಡಿತು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಬರೆದಿರುತ್ತಾರೆ. ಕೊನೆಯಲ್ಲಿ ಮೂರರಲ್ಲಿ ಒಂದು ಅಭಿಪ್ರಾಯ: ಕಾಲಕ್ಕೆ ಒಪ್ಪುತ್ತದೆ, ಕಾಲಕ್ಕೆ ಒಪ್ಪುವುದಿಲ್ಲ, ನಿರ್ಣಯಿಸಲಾಗದು. ನೂರಕ್ಕೆ ನೂರು ಅಸಲಿ ಎಂಬ ಮುದ್ರೆಯನ್ನು ಅವರು ಯಾರಿಗೂ ಒತ್ತಿಕೊಡುವುದಿಲ್ಲ. ಅಂಥ ಮುದ್ರೆ ಬೇಕೆಂದು ಒತ್ತಾಯಿಸುವ ಗ್ರಾಹಕರಿಗೆ ಇದರಿಂದ ನಿರಾಶೆಯಾಗಬಹುದು. ನನ್ನ ದೃಷ್ಟಿಯಲ್ಲಿ ಈ ಸೇವೆಯ ಬೆಲೆಯಿರುವುದೇ ಇಲ್ಲಿ, ಏಕೆಂದರೆ ಪೋಲಿಷ್ ಅಥವಾ ಜರ್ಮನ್ ಪರಿಣತರೊಬ್ಬರು ನಾಳೆ ಅದೇ ವಸ್ತುವನ್ನು ನೋಡಿದರೂ ಯಾವ ಆಧಾರದ ಮೇಲೆ ಈ ಅಭಿಪ್ರಾಯಕ್ಕೆ ಬಂದರೆಂಬುದು ಅವರಿಗೂ ಪತ್ರದಿಂದಲೇ ಸ್ಪಷ್ಟವಾಗುತ್ತದೆ. ಪತ್ರ ಸದ್ಯಕ್ಕೆ ಇಂಗ್ಲಿಷಿನಲ್ಲಿ ಮಾತ್ರ ಸಿಗುತ್ತದೆ. ಕನ್ನಡದಲ್ಲೂ ಕೊಡಬೇಕೆಂದು ಕೇಳಿದ್ದೇನೆ.

ನಾನು ಕೊಂಡದ್ದು ಬೂದು ಹಿನ್ನೆಲೆಯ ಪದಾತಿ ಸೈನ್ಯದ ಹದ್ದು, 9,000 ರೂಪಾಯಿಗೆ, ಕಾಲಕ್ಕೆ ಒಪ್ಪುತ್ತದೆ ಎಂಬ ಪತ್ರದೊಡನೆ. ಮತ್ತು 400 ರೂಪಾಯಿಯ ಹುಲಿ. ಪ್ರದರ್ಶನದಲ್ಲಿ ಹುಲಿಯ ಕೆಳಗೆ ಇದು ಇತ್ತೀಚಿನ ಪ್ರತಿಕೃತಿ ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತೇವೆ. ಪ್ರತಿಕೃತಿ ಎಂದು ಹೇಳಿಯೇ ಮಾರಿದ, ಹೇಳಿಯೇ ತೋರಿಸಿದ ವಸ್ತುವಿನಿಂದ ಕಲಿಕೆಗೆ ಯಾವ ಕೊರತೆಯೂ ಆಗುವುದಿಲ್ಲ. ಹದ್ದಿನ ಪಕ್ಕದಲ್ಲಿ ಅದರ ಬೆನ್ನಿನ ಫೋಟೋವನ್ನೂ ಹಾಕುತ್ತೇವೆ. ನಮ್ಮ ಮನೆಗಳ ಹೊಸ್ತಿಲ ಮೇಲಿನ ಸ್ವಸ್ತಿಕಕ್ಕೂ ಹದ್ದಿನ ಉಗುರಲ್ಲಿರುವ ಚಿಹ್ನೆಗೂ ಚರಿತ್ರೆಯಲ್ಲಿ ಏನು ಅಂತರವಿದೆ ಎಂಬ ಟಿಪ್ಪಣಿ ಪ್ರತ್ಯೇಕವಾಗಿ ಬೇಕಾಗುತ್ತದೆ, ಅದನ್ನು ವಿದ್ಯಾರ್ಥಿಗಳೇ ಬರೆಯುತ್ತಿದ್ದಾರೆ. ಕಾನೂನಿನ ವಿಷಯದಲ್ಲಿ ತೊಡಕಿಲ್ಲ: 1972ರ ಪುರಾವಸ್ತು ಕಾಯಿದೆ ಇಂಥ ವಸ್ತುಗಳಿಗೆ ಅನ್ವಯಿಸಬೇಕಾದರೆ ಅವು ನೂರು ವರ್ಷ ಹಳೆಯವಾಗಿರಬೇಕು.

ಅಂಗಡಿಯ ಇನ್ನೊಂದು ಗಂಭೀರ ಲೋಪ ವಸ್ತುಗಳನ್ನು ಇಡುವ ರೀತಿ. ಎಲ್ಲ ಲಾಂಛನಗಳನ್ನೂ ಮೆತ್ತಗಿನ ಪಿ.ವಿ.ಸಿ. ಪ್ಲಾಸ್ಟಿಕ್ ಕವರುಗಳಲ್ಲಿ ಇಟ್ಟಿದ್ದಾರೆ. ನಾಣ್ಯಗಳ ವಿಷಯದಲ್ಲಿ ಈ ಪ್ಲಾಸ್ಟಿಕ್ ಕಾಲಾಂತರದಲ್ಲಿ ಆಮ್ಲ ಬಿಡುತ್ತದೆಂದು ಚೆನ್ನಾಗಿ ತಿಳಿದವರು ಬಟ್ಟೆಯ ವಿಷಯದಲ್ಲಿ ಯಾಕೆ ಉಪೇಕ್ಷೆ ಮಾಡಿದರೋ ತಿಳಿಯದು. ಚಿಕ್ಕಮಗಳೂರಿನ ಮಳೆಗಾಲದ ತೇವದಲ್ಲಿ ಗಾಳಿಯಾಡದ ಕವರಿನೊಳಗೆ ಹತ್ತಿಗೆ ಬೂಷ್ಟು ಹಿಡಿಯುತ್ತದೆ. ರೇಯಾನ್ ನೂಲಂತೂ ಒದ್ದೆಯಾದರೆ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಬಿಡಿಸಿಟ್ಟರೆ ಸಾಕು, ಖರ್ಚೂ ಹೆಚ್ಚಲ್ಲ. ಕೊಂಡವರು ಮನೆಗೆ ತಂದ ದಿನವೇ ಆ ಕವರನ್ನು ತೆಗೆದುಹಾಕುವುದು ಒಳ್ಳೆಯದು.

ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಇಂಥ ಬಟ್ಟೆಯ ತುಂಡು ಸಿಕ್ಕಿ, ಇಲ್ಲಿಗೆ ಪರೀಕ್ಷೆಗೆ ಒಯ್ಯಬೇಕೆಂದಿರುವವರು ಅದನ್ನು ತೊಳೆಯದೆ, ಇಸ್ತ್ರಿ ಮಾಡದೆ, ಉಳಿದಿರುವ ಹೊಲಿಗೆಯ ದಾರವನ್ನು ಬಿಚ್ಚದೆ ಹಾಗೆಯೇ ತೆಗೆದುಕೊಂಡು ಹೋಗಬೇಕು. ಜೊತೆಗಿದ್ದ ಕಾಗದ, ಫೋಟೋ, ಲಕೋಟೆಗಳನ್ನೂ ಬೇರೆ ಮಾಡಬಾರದು. ಪರೀಕ್ಷೆ ಹಗಲು ಬೆಳಕಿನಲ್ಲಿ ಮಾತ್ರ ನಡೆಯುವುದರಿಂದ ಬೆಳಗಿನ ಹೊತ್ತಿಗೆ ಹೋಗುವುದು ಅನುಕೂಲ. ಅಂಗಡಿಯಲ್ಲೇ ಕೊಂಡ ವಸ್ತು ನಕಲಿಯೆಂದು ಆಮೇಲೆ ಆಧಾರಸಹಿತ ತಿಳಿದುಬಂದರೆ ಹಣ ಹಿಂದಿರುಗಿಸುವುದಾಗಿ ರಸೀದಿಯ ಹಿಂದೆ ಬರೆದು ಸಹಿ ಮಾಡುತ್ತಾರೆ, ಆದರೆ ಕೇಳಿದವರಿಗೆ ಮಾತ್ರ. ಹಣ ಕೊಡುವ ಮೊದಲೇ ಅದನ್ನು ಬರೆಸಿಕೊಳ್ಳಬೇಕು.